ವಿಶ್ವವಿದ್ಯಾನಿಲಯದಲ್ಲಿ ಬರೆದ ತಂತ್ರಾಂಶ ಯಾರ ಸೊತ್ತು?

ಕಾಲೇಜಿನಲ್ಲಿ ಕಲಿಯುವ ಹುಡುಗನೊಬ್ಬ ಕಾಲೇಜಿನದೇ ಕಂಪ್ಯೂಟರಿನ ಮುಂದೆ ಕುಳಿತು ಒಂದು ತಂತ್ರಾಂಶ ಬರೆದ ಅಂತಿಟ್ಟುಕೊಳ್ಳಿ. ಅದು ಯಾರದು? ಬರೆದ ಹುಡುಗನದೇ, ಕಂಪ್ಯೂಟರು ಕೊಟ್ಟ ಕಾಲೇಜಿನದೇ, ಹಣ ಕೊಟ್ಟ ಸರಕಾರದ್ದೇ? ಕೇಳಲು ಸಣ್ಣ ಪ್ರಶ್ನೆ. ಆದರೆ ಅಮೆರಿಕದ ಒಂದು ವಿಶ್ವವಿದ್ಯಾನಿಲಯಕ್ಕೆ ಇದು ಇತ್ಯರ್ಥವಾಗಲು ಹದಿನಾರು ವರ್ಷ ಬೇಕಾಯಿತು, ಕೋರ್ಟಿನ ಮೆಟ್ಟಲನ್ನೂ ಹತ್ತಬೇಕಾಯಿತು.

ಕೇರಳದ ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಲ್ಯಾಬುಗಳಲ್ಲಿ ಮಕ್ಕಳು ಐಟಿ ಕಲಿಯುವುದು ಗ್ನೂ/ಲಿನಕ್ಸ್ ಮೇಲೆ. ಇದನ್ನು ಯಾರ ಅಪ್ಪಣೆಯೂ ಇಲ್ಲದೆ ಪ್ರತಿ ಮಾಡಿಕೊಳ್ಳಬಹುದು ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಅಂಥ ಅನುಮತಿಯ ಹಿಂದಿನ ಕಥೆ ಹೇಳಲು ಮಾತ್ರ ಪೀರಿಯಡ್ ಸಾಲುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇವೆ.

ಟೆಲಿಫೋನ್ ಕಂಪೆನಿಯ ಟೇಪು

ಕಥೆ ಶುರುವಾಗುವುದು 1969ರಲ್ಲಿ, ಅಮೆರಿಕದ ಟೆಲಿಫೋನ್ ಕಂಪೆನಿ ಎಟಿ ಅಂಡ್ ಟಿಯ ಬೆಲ್ ಪ್ರಯೋಗಾಲಯದಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟಿದರು. 1956ರಲ್ಲಿ ಸರಕಾರದೊಂದಿಗೆ ಆದ ಒಂದು ರಾಜಿಯ ಪ್ರಕಾರ ಈ ಕಂಪೆನಿ ಟೆಲಿಫೋನ್ ಬಿಟ್ಟು ಬೇರೆ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಆದ್ದರಿಂದ ಯುನಿಕ್ಸನ್ನು ಅಂಗಡಿಯ ಸರಕಿನ ಹಾಗೆ ಮಾರಲಿಲ್ಲ. ಕೇಳಿದ ವಿಶ್ವವಿದ್ಯಾನಿಲಯಗಳಿಗೆ ಅಲ್ಪ ಶುಲ್ಕಕ್ಕೆ, ಮೂಲ ಸಂಕೇತ ಸಮೇತ, ಟೇಪಿನಲ್ಲಿ ಕಳಿಸಿಕೊಡುತ್ತಿದ್ದರು. ಮೂಲ ಸಂಕೇತ ಎಂದರೆ ಪ್ರೋಗ್ರಾಮು ಬರೆದವನ ಕೈಬರಹ ಇದ್ದ ಹಾಗೆ. ಅದಿದ್ದರೆ ಓದಬಹುದು, ತಿದ್ದಬಹುದು.

1974ರ ಜನವರಿಯಲ್ಲಿ ಅಂಥದೊಂದು ಟೇಪು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಕ್ಯಾಂಪಸ್ಸಿಗೆ ಬಂತು. ಮರುವರ್ಷ ಥಾಂಪ್ಸನ್ ತಾನು ಕಲಿತ ಆ ವಿಶ್ವವಿದ್ಯಾನಿಲಯಕ್ಕೇ ಬಂದು ಒಂದು ವರ್ಷ ಪಾಠ ಮಾಡಿದರು. ಅದೇ 1975ರಲ್ಲಿ ಸೇರಿದ ಬಿಲ್ ಜಾಯ್ ಎಂಬ ವಿದ್ಯಾರ್ಥಿ ಮತ್ತು ಅವನ ಜೊತೆಗಾರರು ಯುನಿಕ್ಸನ್ನು ತಿದ್ದತೊಡಗಿದರು. ತಿದ್ದಿದ್ದನ್ನೂ ಹೊಸದಾಗಿ ಬರೆದದ್ದನ್ನೂ ಸೇರಿಸಿ 1978ರಲ್ಲಿ ಬೇರೆಯವರಿಗೂ ಟೇಪು ಕಳಿಸಿದರು. ಅದರ ಹೆಸರು ಬರ್ಕ್ಲಿ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್, ಚುಟುಕಾಗಿ ಬಿಎಸ್‌ಡಿ.

ಇಲ್ಲೇ ತೊಡಕು. ಧಣಿಯ ಜಾಗದಲ್ಲಿ ಒಕ್ಕಲು ತೆಂಗು ನೆಟ್ಟ ಹಾಗಾಯಿತು. ಜಾಗ ಟೆಲಿಫೋನ್ ಕಂಪೆನಿಯದು, ಮರಗಳು ಬರ್ಕ್ಲಿಯವರದು. 1980ರಿಂದ ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆಯ ಹಣವೂ ಬಂತು. ಇಂದು ಇಂಟರ್‌ನೆಟ್ಟಿಗೆ ಆಧಾರವಾದ ಟಿಸಿಪಿ/ಐಪಿ ನಿಯಮಗಳು 1983ರ ಬಿಎಸ್‌ಡಿ ಆವೃತ್ತಿಯ ಮೂಲಕ ನೂರಾರು ಕ್ಯಾಂಪಸ್ಸುಗಳಿಗೆ ಹೋದವು. ಮರಗಳು ಫಲ ಕೊಡುತ್ತಿದ್ದವು, ಆದರೆ ಕಾಯಿ ಕೀಳಬೇಕಾದರೆ ಮೊದಲು ಧಣಿಯ ಲೈಸೆನ್ಸ್ ಬೇಕಾಗಿತ್ತು.

ಪಾಠ ಮಾಡಲೂ ತಡೆ

ಲೈಸೆನ್ಸಿನ ಬಿಸಿ ಮೊದಲು ತಟ್ಟಿದ್ದು ಅಧ್ಯಾಪಕರಿಗೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾನಿಲಯದಲ್ಲಿ ಜಾನ್ ಲಯನ್ಸ್ ಎಂಬ ಅಧ್ಯಾಪಕರು ಯುನಿಕ್ಸಿನ ಆರನೆಯ ಆವೃತ್ತಿಯ ಮೂಲ ಸಂಕೇತವನ್ನು ಅಚ್ಚು ಹಾಕಿಸಿ, ಅದಕ್ಕೊಂದು ಟಿಪ್ಪಣಿಯನ್ನೂ ಬರೆದು ತರಗತಿಯಲ್ಲಿ ಪಾಠ ಮಾಡಿದರು. ಅದು 1976-77ರ ಮಾತು. ಹತ್ತು ಸಾವಿರಕ್ಕೂ ಕಡಿಮೆ ಸಾಲು. ವಿದ್ಯಾರ್ಥಿ ಒಂದು ಇಡೀ ಆಪರೇಟಿಂಗ್ ಸಿಸ್ಟಮನ್ನು ಕಾವ್ಯ ಓದುವ ಹಾಗೆ ಸಾಲು ಸಾಲಾಗಿ ಓದಿ ಮುಗಿಸಬಹುದಿತ್ತು. ಆದರೆ 1979ರಲ್ಲಿ ಬಂದ ಏಳನೆಯ ಆವೃತ್ತಿಯ ಲೈಸೆನ್ಸು ಮೂಲ ಸಂಕೇತವನ್ನು ಪಾಠಕ್ಕೆ ಬಳಸಬಾರದು ಎಂದಿತು. ಲಯನ್ಸರ ಟಿಪ್ಪಣಿ ಕಳ್ಳ ಸರಕಿನಂತಾಯಿತು. ವಿದ್ಯಾರ್ಥಿಗಳು ನೆರಳಚ್ಚಿನ ನೆರಳಚ್ಚು ತೆಗೆದು ಓದಿದರು. ಪುಸ್ತಕವಾಗಿ ರಾಜಾರೋಷವಾಗಿ ಅಚ್ಚಾದದ್ದು 1996ರಲ್ಲಿ. ಅದಾಗಿ ಎರಡು ವರ್ಷಕ್ಕೆ ಲಯನ್ಸ್ ತೀರಿಕೊಂಡರು.

ಆಮ್‌ಸ್ಟರ್‌ಡಾಮಿನ ಪ್ರಾಧ್ಯಾಪಕ ಆಂಡ್ರೂ ಟನೆನ್‌ಬಾಮ್ ಇದೇ ತಡೆಯಿಂದ ಬೇಸತ್ತು, ಯುನಿಕ್ಸಿನ ಒಂದು ಸಾಲನ್ನೂ ತೆಗೆದುಕೊಳ್ಳದೆ, ಪಾಠಕ್ಕೆಂದೇ ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆಯನ್ನು ಬರೆದು 1987ರಲ್ಲಿ ಹೊರತಂದರು. ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬರೆಯಲು ಕುಳಿತಾಗ ಅವನ ಕಂಪ್ಯೂಟರಿನಲ್ಲಿದ್ದದ್ದು ಈ ಮಿನಿಕ್ಸ್. ಒಬ್ಬ ಮೇಷ್ಟ್ರಿಗೆ ಪಾಠ ಮಾಡಲು ಬಿಡದೆ ಹೋದದ್ದು ಎಲ್ಲಿಗೆ ಹೋಗಿ ಮುಟ್ಟಿತು ನೋಡಿ!

ಹೆಸರೊಂದಿದ್ದರೆ ಸಾಕು ಎಂದವರು

1984ರ ಜನವರಿಯಲ್ಲಿ ಎಟಿ ಅಂಡ್ ಟಿ ಕಂಪೆನಿ ಒಡೆದು ಹೋಳಾಯಿತು. ಅದರೊಂದಿಗೆ ಹಳೆಯ ನಿರ್ಬಂಧವೂ ಹೋಯಿತು. ಇನ್ನು ಯುನಿಕ್ಸನ್ನು ಮಾರಬಹುದು! ಲೈಸೆನ್ಸಿನ ದರ ಏರುತ್ತ ಹೋಯಿತು. ಬರ್ಕ್ಲಿಯವರು ಬರೆದ ನೆಟ್‌ವರ್ಕ್ ಭಾಗವಷ್ಟೇ ಬೇಕಾದವರೂ ಪೂರ್ತಿ ಯುನಿಕ್ಸಿನ ಹಣ ತೆರಬೇಕಾಯಿತು. ನಿಮ್ಮದನ್ನು ಬೇರೆ ಮಾಡಿ ಕೊಡಿ ಎಂದು ಜನ ಬರ್ಕ್ಲಿಯನ್ನು ಕೇಳತೊಡಗಿದರು.

1989ರ ಜೂನಿನಲ್ಲಿ ಬರ್ಕ್ಲಿ ಹಾಗೆ ಬೇರೆ ಮಾಡಿದ ಟೇಪನ್ನು ಬಿಡುಗಡೆ ಮಾಡಿತು. ಟೇಪಿಗೆ 1000 ಡಾಲರ್. ಆದರೆ ಒಮ್ಮೆ ಸಿಕ್ಕಿದರೆ ಯಾರು ಯಾರಿಗೆ ಬೇಕಾದರೂ ಕೊಡಬಹುದು, ತಿದ್ದಬಹುದು, ಮಾರಬಹುದು. ಷರತ್ತು ಇಷ್ಟೇ: ಕೃತಿಸ್ವಾಮ್ಯದ ಸಾಲುಗಳನ್ನು ಅಳಿಸಬಾರದು, ಇದು ಬರ್ಕ್ಲಿಯದೆಂದು ಹೇಳಬೇಕು. ಹೀಗೆ ಕೃತಿಸ್ವಾಮ್ಯ ವಿಶ್ವವಿದ್ಯಾನಿಲಯದ ಕೈಯಲ್ಲೇ ಉಳಿಯಿತು, ಬಳಕೆ ಎಲ್ಲರ ಪಾಲಾಯಿತು. ಇಂದಿಗೂ ಬಿಎಸ್‌ಡಿ ಲೈಸೆನ್ಸ್ ಎಂದು ಹೆಸರಾಗಿರುವ ಪರವಾನಗಿಯ ಮೂಲ ಇದೇ.

ಇಲ್ಲಿಗೆ ನಿಲ್ಲದೆ, ಕೀತ್ ಬೋಸ್ಟಿಕ್ ಎಂಬವರು ಉಳಿದ ಯುನಿಕ್ಸನ್ನೂ ಹೊಸದಾಗಿ ಬರೆಯೋಣ ಎಂದರು. ಹಳೆಯ ಸಂಕೇತವನ್ನು ನೋಡದೆ, ಪ್ರತಿಯೊಂದು ಪ್ರೋಗ್ರಾಮು ಏನು ಮಾಡಬೇಕೆಂಬ ವಿವರಣೆಯನ್ನಷ್ಟೇ ಓದಿ ಬರೆದುಕೊಡಿ ಎಂದು ಊರೂರಿನವರನ್ನು ಕೇಳಿದರು. ಸಂಬಳವಿಲ್ಲ. ಬರೆದ ಪ್ರೋಗ್ರಾಮಿನ ಪಕ್ಕ ನಿಮ್ಮ ಹೆಸರು ಇರುತ್ತದೆ, ಅಷ್ಟೇ. ಸುಮಾರು ಹದಿನೆಂಟು ತಿಂಗಳಲ್ಲಿ ಮುಖ್ಯವಾದದ್ದೆಲ್ಲ ಬಂತು! ಆಮೇಲೆ ಬೋಸ್ಟಿಕ್, ಮೈಕ್ ಕರೆಲ್ಸ್, ಕರ್ಕ್ ಮೆಕ್ಯೂಸಿಕ್ ಮೂವರೂ ಸೇರಿ ವ್ಯವಸ್ಥೆಯ ಹೃದಯಭಾಗವಾದ ಕರ್ನಲಿನ ಫೈಲುಗಳನ್ನು ಒಂದೊಂದಾಗಿ ಜಾಲಾಡಿದರು. ಕೊನೆಗೆ ಹಳೆಯ ಸಂಕೇತದ ಹಂಗು ಉಳಿದದ್ದು ಆರು ಫೈಲುಗಳಲ್ಲಿ ಮಾತ್ರ. ಆ ಆರನ್ನು ಬಿಟ್ಟು 1991ರ ಜೂನಿನಲ್ಲಿ ಎರಡನೆಯ ಬಿಡುಗಡೆಯಾಯಿತು.

ಕೋರ್ಟಿಗೆ ಹೋದ ಕಥೆ

ಆ ಆರು ಫೈಲುಗಳ ಜಾಗವನ್ನೂ ತುಂಬಿಸಿ ಬಿಎಸ್‌ಡಿಐ ಎಂಬ ಕಂಪೆನಿ 1992ರಲ್ಲಿ ಪೂರ್ತಿ ವ್ಯವಸ್ಥೆಯನ್ನು 995 ಡಾಲರಿಗೆ ಮಾರತೊಡಗಿತು. ಎಟಿ ಅಂಡ್ ಟಿಯ ಅಂಗಸಂಸ್ಥೆ ಯುಎಸ್‌ಎಲ್ ಅದೇ ವರ್ಷ ದಾವೆ ಹೂಡಿತು. ಮುಂದೆ ವಿಶ್ವವಿದ್ಯಾನಿಲಯವನ್ನೂ ಪ್ರತಿವಾದಿ ಮಾಡಿತು.

1993ರ ಮಾರ್ಚಿನಲ್ಲಿ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಧೀಶ ಡಿಕಿನ್ಸನ್ ಡೆಬೆವಾಯ್ಸ್ ಮಾರಾಟಕ್ಕೆ ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ. ಅವರು ಎತ್ತಿದ ಒಂದು ಅಂಶ ಗಮನಿಸಬೇಕಾದದ್ದು. ವಿವಾದದ ಬುಡದಲ್ಲಿದ್ದ 32ವಿ ಎಂಬ ಹಳೆಯ ಆವೃತ್ತಿಯನ್ನು ಹಂಚುವಾಗ ಟೆಲಿಫೋನ್ ಕಂಪೆನಿ ಅದರ ಮೇಲೆ ಕೃತಿಸ್ವಾಮ್ಯದ ಸೂಚನೆಯನ್ನೇ ಹಾಕಿರಲಿಲ್ಲ! ಆ ಕಾಲದ ಅಮೆರಿಕದ ಕಾನೂನಿನಲ್ಲಿ ಸೂಚನೆ ಇಲ್ಲದೆ ಹಂಚಿದ ಕೃತಿಯ ಹಕ್ಕೇ ಹೋಗುವ ಸಂಭವವಿತ್ತು.

ಜೂನಿನಲ್ಲಿ ವಿಶ್ವವಿದ್ಯಾನಿಲಯ ಎದುರು ದಾವೆ ಹಾಕಿತು. ಕಂಪೆನಿ ತನ್ನ ಯುನಿಕ್ಸಿನಲ್ಲಿ ಬರ್ಕ್ಲಿಯ ಸಂಕೇತವನ್ನು ಬಳಸಿಕೊಂಡಿದೆ, ಆದರೆ ಒಪ್ಪಂದದಂತೆ ಬರ್ಕ್ಲಿಯ ಹೆಸರನ್ನು ಹಾಕಿಲ್ಲ ಎಂಬುದೇ ದೂರು. ಪುಸ್ತಕಗಳನ್ನೆಲ್ಲ ಹೆಸರು ಹಾಕಿ ಮತ್ತೆ ಅಚ್ಚು ಹಾಕಿಸಬೇಕು, ಪತ್ರಿಕೆಗಳಲ್ಲಿ ಪೂರ್ತಿ ಪುಟದ ಜಾಹೀರಾತು ಕೊಡಬೇಕು ಎಂದು ಕೇಳಿತು. ಅಷ್ಟರಲ್ಲಿ ನೊವೆಲ್ ಕಂಪೆನಿ ಯುಎಸ್‌ಎಲ್ಲನ್ನು ಕೊಂಡುಕೊಂಡಿತು. ಹೊಸ ಯಜಮಾನರಿಗೆ ಕೋರ್ಟಿಗಿಂತ ಮಾರುಕಟ್ಟೆಯ ಮೇಲೆ ಆಸಕ್ತಿ. 1994ರ ಫೆಬ್ರವರಿಯಲ್ಲಿ ರಾಜಿಯಾಯಿತು. ಸುಮಾರು 18,000 ಫೈಲುಗಳಲ್ಲಿ ತೆಗೆಯಬೇಕಾಗಿ ಬಂದದ್ದು ಮೂರು. ಸುಮಾರು 70 ಫೈಲುಗಳಿಗೆ ಯುಎಸ್‌ಎಲ್ ಹೆಸರು ಸೇರಿಸಿದ್ದಾಯಿತು. ಇಷ್ಟಕ್ಕೆ ಎರಡು ವರ್ಷ! ಆ ಅವಧಿಯಲ್ಲಿ ಬಿಎಸ್‌ಡಿಯ ಮೇಲೆ ಕೋರ್ಟಿನ ನೆರಳು ಇತ್ತು, ಲಿನಕ್ಸಿನ ಮೇಲೆ ಇರಲಿಲ್ಲ. ಲಿನಕ್ಸ್ ಮುಂದೆ ಹೋದದ್ದಕ್ಕೆ ಇದೂ ಒಂದು ಕಾರಣ.

ಹೆಸರಿನ ಷರತ್ತಿಗೂ ಮಿತಿ ಬೇಕೆಂಬುದು ಮುಂದೆ ಗೊತ್ತಾಯಿತು. ಜಾಹೀರಾತಿನಲ್ಲೂ ಬರ್ಕ್ಲಿಯ ಹೆಸರು ಹೇಳಬೇಕೆಂಬ ಕಲಮು ಹಳೆಯ ಲೈಸೆನ್ಸಿನಲ್ಲಿತ್ತು. ನೋಡಿ ಬರೆದವರೆಲ್ಲ ತಮ್ಮ ಹೆಸರನ್ನೂ ಹಾಗೇ ಸೇರಿಸುತ್ತ ಹೋದದ್ದರಿಂದ ಪಟ್ಟಿ ಉದ್ದವಾಯಿತು. 1999ರ ಜುಲೈ 22ರಂದು ವಿಶ್ವವಿದ್ಯಾನಿಲಯ ತಾನಾಗಿಯೇ ಆ ಕಲಮನ್ನು ತೆಗೆದುಹಾಕಿತು.

ಇದೇ ಪ್ರಶ್ನೆಗೆ ರಿಚರ್ಡ್ ಸ್ಟಾಲ್‌ಮನ್ ಕಂಡುಕೊಂಡ ಉತ್ತರ ಬೇರೆ. ಎಂಐಟಿಯಲ್ಲಿ ನೌಕರಿಯಲ್ಲಿದ್ದು ಬರೆದರೆ ಸಂಸ್ಥೆ ಅದರ ಹಕ್ಕು ಕೇಳಬಹುದು ಎಂದು 1984ರ ಜನವರಿಯಲ್ಲಿ ಕೆಲಸ ಬಿಟ್ಟೇ ಗ್ನೂ ಬರೆಯಲು ಹೊರಟರು. 1989ರಲ್ಲಿ ಅವರು ರೂಪಿಸಿದ ಜಿಪಿಎಲ್ ಪರವಾನಗಿ, ತಿದ್ದಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ಅದೇ ಷರತ್ತಿನಲ್ಲಿ ಹಂಚಬೇಕು ಎನ್ನುತ್ತದೆ. ನಮ್ಮ ಲ್ಯಾಬಿನ ಲಿನಕ್ಸ್ ಕರ್ನಲ್ ಇರುವುದು ಇದರಡಿಯಲ್ಲಿ.

ನಮಗೇನು?

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮಿಗೂ ಸಾಹಿತ್ಯ ಕೃತಿಯ ಸ್ಥಾನವಿದೆ. 17ನೇ ಸೆಕ್ಷನ್ ಪ್ರಕಾರ, ನೌಕರಿಯ ಭಾಗವಾಗಿ ಬರೆದದ್ದರ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರದು. ಕಲಿಯುವ ವಿದ್ಯಾರ್ಥಿ ನೌಕರನಲ್ಲ. ಆದರೆ ಕಾಲೇಜು ಸೇರುವಾಗ ಅವನು ಸಹಿ ಹಾಕುವ ಕಾಗದದಲ್ಲಿ ಬೇರೆ ಮಾತಿರಬಹುದು. ನಮ್ಮ ಶಾಲೆಗಳಿಂದ ಇಂಜಿನಿಯರಿಂಗಿಗೆ ಹೋಗುವ ಮಕ್ಕಳಿಗೆ ಹೇಳಬೇಕಾದ ಮಾತಿದು: ಪ್ರಾಜೆಕ್ಟ್ ಶುರುಮಾಡುವ ಮುಂಚೆ ಆ ನಿಯಮ ಓದಿಕೊಳ್ಳಿ.

ಅಧ್ಯಾಪಕರಿಗೂ ಒಂದು ಮಾತು. ಗಡಿಯಾಚೆ ಇರುವ ನಮಗೆ ಕನ್ನಡದ ಪಾಠಸಾಮಗ್ರಿ ಯಾವಾಗಲೂ ಕೊರತೆಯೇ. ಒಬ್ಬರು ರಾತ್ರಿ ಕುಳಿತು ತಯಾರಿಸಿದ ನೋಟ್ಸು, ಪ್ರಶ್ನೆಪತ್ರಿಕೆ ಹತ್ತು ಶಾಲೆ ಸುತ್ತುತ್ತದೆ. ಸುತ್ತಲಿ, ಒಳ್ಳೆಯದೇ. ಆದರೆ ಸುತ್ತುವಾಗ ಮೊದಲು ಉದುರುವುದು ಮಾಡಿದವರ ಹೆಸರು. ಆಮೇಲೆ ತಪ್ಪು ಕಂಡರೆ ಯಾರಿಗೆ ಹೇಳಬೇಕು, ತಿದ್ದಬಹುದೋ ಬಾರದೋ ಎಂಬುದೂ ತಿಳಿಯುವುದಿಲ್ಲ.

ಮೊದಲ ಪುಟದಲ್ಲಿ ಮೂರು ಸಾಲು ಬರೆಯಲು ಎರಡು ನಿಮಿಷ ಸಾಕು. ಯಾರು, ಯಾವ ವರ್ಷ ಮಾಡಿದ್ದು. ಪ್ರತಿ ಮಾಡಬಹುದೇ, ತಿದ್ದಬಹುದೇ. ತಿದ್ದಿದವರು ಹಳೆಯ ಹೆಸರು ಉಳಿಸಿ ತಮ್ಮ ಹೆಸರು ಸೇರಿಸಬೇಕು. ಜೊತೆಗೆ ಪಿಡಿಎಫ್ ಮಾತ್ರ ಕೊಡದೆ ತಿದ್ದಲು ಬರುವ ಫೈಲನ್ನೂ ಕೊಡೋಣ. ದೊಡ್ಡ ಕಂಪೆನಿಯೊಂದು ಇಂಥ ಒಂದು ಸಾಲನ್ನು ಹಾಕದೆ ಕೋರ್ಟಿನಲ್ಲಿ ತಡವರಿಸಿತು. ಹೆಸರು ಬಿಟ್ಟು ಬೇರೇನೂ ಕೇಳದವರ ಕೆಲಸ ಇವತ್ತಿಗೂ ಜಗತ್ತಿನ ಕಂಪ್ಯೂಟರುಗಳಲ್ಲಿ ನಡೆಯುತ್ತಿದೆ. ನಿಮ್ಮ ಶಾಲೆಯಲ್ಲಿ ತಯಾರಾದ ನೋಟ್ಸುಗಳ ಮೇಲೆ ಯಾರ ಹೆಸರಿದೆ? ಒಮ್ಮೆ ತೆಗೆದು ನೋಡಿ.