‘ರಜಾಕಾರ’, ‘ಶಾಮೀಲು’: ಎರಡು ಶಬ್ದಗಳ ಪತನ

ಶಬ್ದಕ್ಕೆ ಹುಟ್ಟಿನಿಂದ ಮೈಲಿಗೆಯಿಲ್ಲ. ಅದನ್ನು ಹೊತ್ತವರ ನಡೆಯಿಂದ ಮೈಲಿಗೆ ಬರುವುದು. ಇದಕ್ಕೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯ ಅನುಭವವೇ ಸಾಕ್ಷಿ.

1947-48ರಲ್ಲಿ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದೊಳಗಿತ್ತು. ‘ರಜಾಕಾರ’ ಎಂದರೆ ಸ್ವಯಂಸೇವಕ, ಸ್ವಂತ ಇಚ್ಛೆಯಿಂದ ಕಾರ್ಯಕ್ಕೆ ನಿಂತವನು. ಕಾಸಿಂ ರಜ್ವಿಯ ಪಡೆಯ ಸುಲಿಗೆ, ಕೊಲೆಗಳಿಂದ ಆ ಸೇವಾವಾಚಕವೇ ಭಯವಾಚಕವಾಯಿತು. ‘ಶಾಮೀಲು’ ಎಂಬ ಅರಬ್ಬೀ ಮೂಲದ ಶಬ್ದಕ್ಕೆ ‘ಕೂಡಿಕೊಂಡದ್ದು’ ಎಂದಷ್ಟೇ ಅರ್ಥ. ‘ಅವನೂ ಶಾಮೀಲು’ ಎಂದರೆ ಇಂದು ಅಪರಾಧದ ಆರೋಪ. ಯುರೋಪಿನಲ್ಲಿಯೂ ಹೀಗೆಯೇ: 1940ರಲ್ಲಿ ನಾರ್ವೆಯನ್ನು ಆಕ್ರಮಿಸಿದ ಜರ್ಮನರೊಡನೆ ಕೈಗೂಡಿಸಿದ ಕ್ವಿಸ್ಲಿಂಗನ ಹೆಸರೇ ದೇಶದ್ರೋಹಿಯೆಂಬ ಅರ್ಥವನ್ನು ತಳೆಯಿತು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಅನಂತರದ ಪ್ರತೀಕಾರದಲ್ಲಿ ನಿರಪರಾಧಿ ಮುಸಲ್ಮಾನರೂ ಹತರಾದರೆಂದು ಪಂಡಿತ ಸುಂದರಲಾಲರ ಸಮಿತಿ ವರದಿಮಾಡಿತು; ಅತ್ಯಂತ ಬಾಧಿತ ಜಿಲ್ಲೆಗಳಲ್ಲಿ ಗುಲ್ಬರ್ಗಾವನ್ನೂ ಎಣಿಸಿತು. ಪಡೆಯ ಹೆಸರು ಒಂದು ಜನಾಂಗದ ಮೇಲಣ ಕಳಂಕವಾದದ್ದು ಈ ಶಬ್ದದ ಎರಡನೆಯ ಪತನ.

ಬೆದರಿ ಧಾನ್ಯ ಕೊಟ್ಟವನೂ, ಬಯಸಿ ನೆರೆಮನೆಯನ್ನು ತೋರಿಸಿಕೊಟ್ಟವನೂ ಒಂದೇ ಶಬ್ದಕ್ಕೆ ಸಲ್ಲರು. ಶರಣರು ಮನುಷ್ಯನನ್ನು ಕುಲದಿಂದ ಅಳೆಯಲಿಲ್ಲ, ನಡೆಯಿಂದ ಅಳೆದರು. ಇತಿಹಾಸವನ್ನು ಬರೆಯುವವರಿಗೂ ಅದೇ ಅಳತೆಗೋಲು.