ಬರಹದೊಳಗಿನ ದಲ್ಲಾಳಿ

ಆದವಾನಿಯ ಹತ್ತಿ ಮಾರುಕಟ್ಟೆಯನ್ನು ಕಂಡವರಿಗೆ ದಲ್ಲಾಳಿಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಾರುವವನನ್ನೂ ಕೊಳ್ಳುವವನನ್ನೂ ಒಂದೆಡೆಗೆ ತಂದು, ವ್ಯವಹಾರ ಕುದುರಿದ ಮೇಲೆ ತನ್ನ ಪಾಲನ್ನು ಪಡೆಯುವವನು ಅವನು. ಅವನ ಮುಖ ಇಬ್ಬರಿಗೂ ಕಾಣುತ್ತದೆ. ಇದೇ ವೃತ್ತಿಯು ಅಂತರ್ಜಾಲದಲ್ಲಿ ಬೇರೂರಿದಾಗ ಆ ಮುಖ ಹೇಗೆ ಮರೆಯಾಯಿತೆಂಬುದು ಈ ಲೇಖನದ ವಸ್ತು. ನಮ್ಮ ಮನೆಗಳಲ್ಲಿಯೂ ಬ್ಲಾಗು ಬರೆಯುವ ಮಕ್ಕಳಿದ್ದಾರೆ, ಅದನ್ನು ಓದಿ ಸಾಮಾನು ತರಿಸುವ ಹಿರಿಯರಿದ್ದಾರೆ. ಆದುದರಿಂದ ಈ ಚರಿತ್ರೆ ನಮಗೆ ಪರಕೀಯವಾದುದಲ್ಲ.

ಇದರ ಮೂಲ ಅಮೆರಿಕದಲ್ಲಿದೆ. 1989ರಲ್ಲಿ ವಿಲಿಯಂ ಟೋಬಿನ್ ಎಂಬ ಹೂವಿನ ವ್ಯಾಪಾರಿ ‘ಪ್ರಾಡಿಜಿ’ ಎಂಬ ಗಣಕ ಜಾಲದಲ್ಲಿ ಅಂಗಡಿ ತೆರೆದು, ಮಾರಾಟವಾದ ಹೂಗಳ ಮೇಲೆ ಆ ಜಾಲಕ್ಕೆ ಕಮಿಷನ್ ಕೊಡುತ್ತಿದ್ದನು. 1994ರಲ್ಲಿ ಸಂಗೀತದ ಸಿ.ಡಿ.ಗಳನ್ನು ಮಾರುತ್ತಿದ್ದ ‘ಸಿಡಿನೌ’ ಸಂಸ್ಥೆ ಇತರರ ಜಾಲತಾಣಗಳಿಂದ ಬಂದ ಗಿರಾಕಿಗಳಿಗಾಗಿ ಆ ತಾಣದವರಿಗೆ ಹಣ ಕೊಡುವ ಕ್ರಮವನ್ನು ಆರಂಭಿಸಿತು. 1996ರ ಜುಲೈಯಲ್ಲಿ ಅಮೆಜಾನ್ ಇದನ್ನೇ ಪುಸ್ತಕಗಳಿಗೆ ಅನ್ವಯಿಸಿದಾಗ, ತಾವು ಮೆಚ್ಚಿದ ಪುಸ್ತಕದ ಬಗ್ಗೆ ನಾಲ್ಕು ಮಾತು ಬರೆಯುವ ಯಾರಾದರೂ ಅದರ ಮಾರಾಟದಲ್ಲಿ ಪಾಲು ಪಡೆಯುವುದು ಸಾಧ್ಯವಾಯಿತು.

ಲೆಕ್ಕವಿಡುವ ಉಪಾಯವೇನೋ ಸರಳ. ಕೊಂಡಿಯ ವಿಳಾಸದಲ್ಲಿ ಬರಹಗಾರನ ಗುರುತಿನ ಸಂಕೇತವಿರುತ್ತದೆ. ಓದುಗ ಅದನ್ನು ಒತ್ತಿದೊಡನೆ ಅವನ ಗಣಕದಲ್ಲಿ ‘ಕುಕಿ’ ಎಂಬ ಪುಟ್ಟ ಚೀಟಿಯೊಂದು ಉಳಿಯುತ್ತದೆ. 1994ರಲ್ಲಿ ನೆಟ್‌ಸ್ಕೇಪಿನ ಲೂ ಮೊಂಟುಲಿ ರೂಪಿಸಿದ್ದು ಇದು. ಆ ಚೀಟಿಗೆ ಆಯುಷ್ಯವಿದೆ. ಅಮೆಜಾನಿನಲ್ಲಿ ಸಾಮಾನ್ಯವಾಗಿ 24 ಗಂಟೆ. ಅಷ್ಟರೊಳಗೆ ಓದುಗ ಸಾಮಾನನ್ನು ಬುಟ್ಟಿಗೆ ಹಾಕದಿದ್ದರೆ ಬರೆದವನ ಪಾಲಿಗೆ ಏನೂ ಇಲ್ಲ.

ಉಪಾಯ ಸರಳವಾದರೂ ದುಡಿಮೆ ಸರಳವಾಗಿರಲಿಲ್ಲ. ಬ್ಲಾಗಿಗನು ಒಂದೊಂದು ಅಂಗಡಿಗೂ ಪ್ರತ್ಯೇಕವಾಗಿ ಅರ್ಜಿ ಹಾಕಿ, ಒಪ್ಪಿಗೆ ಪಡೆದು, ಪ್ರತಿಯೊಂದು ಕೊಂಡಿಯನ್ನೂ ಕೈಯಿಂದಲೇ ತಿದ್ದಬೇಕಾಗಿತ್ತು. ಅಂಗಡಿ ತನ್ನ ಪುಟವನ್ನು ಬದಲಿಸಿದರೆ ಹಳೆಯ ಬರಹಗಳ ಕೊಂಡಿಗಳೆಲ್ಲ ಸತ್ತುಹೋಗುತ್ತಿದ್ದವು. ಹತ್ತು ಅಂಗಡಿಗಳಲ್ಲಿ ಚೂರುಚೂರಾಗಿ ಸೇರಿದ ಹಣವು ಪಾವತಿಯ ಕನಿಷ್ಠ ಮೊತ್ತವನ್ನು ಮುಟ್ಟದೆ ಅಲ್ಲಲ್ಲೇ ಉಳಿಯುತ್ತಿತ್ತು. ಸಣ್ಣ ಬರಹಗಾರನಿಗೆ ಈ ಗಳಿಕೆ ದಕ್ಕದಿದ್ದುದಕ್ಕೆ ಓದುಗರ ಕೊರತೆಯಷ್ಟೇ ಈ ತೊಡಕುಗಳೂ ಕಾರಣವೆಂದು ನನ್ನ ಎಣಿಕೆ.

ಈ ತೊಡಕನ್ನು ಬಿಡಿಸಿದ್ದು ಲಂಡನ್ನಿನ ‘ಸ್ಕಿಮ್‌ಲಿಂಕ್ಸ್’. ಆಸ್ಟ್ರೇಲಿಯದಿಂದ ಬಂದ ಅಲಿಸಿಯಾ ನವಾರೋ ನಡೆಸುತ್ತಿದ್ದುದು ಮೊದಲು ‘ಸ್ಕಿಮ್‌ಬಿಟ್’ ಎಂಬ ಬೇರೊಂದು ತಾಣ. ಅದರ ಸ್ವಂತ ಗಳಿಕೆಗೆಂದು ಮಾಡಿಕೊಂಡ ಉಪಕರಣವೇ ಮೂಲ ತಾಣಕ್ಕಿಂತ ಬೆಲೆಯುಳ್ಳದ್ದೆಂದು ತಿಳಿದಾಗ ಆಕೆ ಅದನ್ನೇ ಉದ್ಯಮವಾಗಿಸಿದರು. 2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಲಿವರ್ ರೂಪ್ ‘ವಿಗ್‌ಲಿಂಕ್’ ಕಟ್ಟಿದರು. ಎರಡರದೂ ಒಂದೇ ರೀತಿ: ಬ್ಲಾಗಿಗನು ತನ್ನ ಪುಟದಲ್ಲಿ ಒಂದು ಚಿಕ್ಕ ಸಂಕೇತದ ತುಣುಕನ್ನು ಒಮ್ಮೆ ಅಂಟಿಸಿದರೆ ಸಾಕು. ಓದುಗ ಯಾವುದೇ ಅಂಗಡಿಯ ಕೊಂಡಿಯನ್ನು ಒತ್ತಿದಾಗ, ಆ ಅಂಗಡಿ ತಮ್ಮ ಪಟ್ಟಿಯಲ್ಲಿದೆಯೇ ಎಂದು ಯಂತ್ರವೇ ನೋಡಿ, ಇದ್ದರೆ ತನ್ನ ದಾರಿಯಿಂದ ಹಾಯಿಸುತ್ತದೆ. ಬಂದ ಕಮಿಷನ್ನಿನಲ್ಲಿ ಶೇಕಡ 25 ಸಂಸ್ಥೆಗೆ, 75 ಬ್ಲಾಗಿಗನಿಗೆ. ದಲ್ಲಾಳಿಗೂ ಒಬ್ಬ ದಲ್ಲಾಳಿ ಹುಟ್ಟಿದಂತಾಯಿತು. ಆದರೆ ಎಷ್ಟೋ ವರ್ಷಗಳ ಹಿಂದಿನ ಬರಹದ ಸಾದಾ ಕೊಂಡಿಯೂ ಅಂದಿನಿಂದ ದುಡಿಯತೊಡಗಿತು.

ಇಲ್ಲಿಯೇ ಒಂದು ಸೂಕ್ಷ್ಮವಿದೆ. ಕೈಯಿಂದ ಕೊಂಡಿ ಹಾಕುತ್ತಿದ್ದವನಿಗೆ ತನ್ನ ಯಾವ ಮಾತಿಗೆ ಹಣ ಬರುವುದೆಂಬ ಅರಿವಿತ್ತು. ಯಂತ್ರ ಹಾಕಿದ ಮೇಲೆ ಬರೆದವನಿಗೇ ಅದು ಕಾಣದು. ಓದುಗನಿಗಂತೂ ಮೊದಲೇ ಇಲ್ಲ. 2012ರ ಫೆಬ್ರವರಿಯಲ್ಲಿ ‘ಪಿಂಟರೆಸ್ಟ್’ ತಾಣದ ಸಂಗತಿ ಬಯಲಾದಾಗ ಇದು ಎಲ್ಲರಿಗೂ ಮನದಟ್ಟಾಯಿತು. ಬಳಕೆದಾರರು ಮೆಚ್ಚಿ ಅಂಟಿಸಿದ ಚಿತ್ರಗಳ ಕೊಂಡಿಗಳನ್ನು ಆ ಸಂಸ್ಥೆ ಸ್ಕಿಮ್‌ಲಿಂಕ್ಸ್ ಮೂಲಕ ಮಾರ್ಪಡಿಸಿ ತಾನು ಕಮಿಷನ್ ಪಡೆಯುತ್ತಿತ್ತು. ಮೆಚ್ಚಿಗೆ ಒಬ್ಬರದು, ಗಳಿಕೆ ಇನ್ನೊಬ್ಬರದು. ತಪ್ಪು ಯಂತ್ರದ್ದಲ್ಲ, ಹೇಳದೆ ಮಾಡಿದ್ದರದು ಎಂದೇ ನಾನು ಭಾವಿಸುತ್ತೇನೆ.

ಹೇಳಬೇಕೆಂಬ ವಿಧಿ ಅದಾಗಲೇ ಬಂದಿತ್ತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1980ರ ತನ್ನ ಮಾರ್ಗಸೂಚಿಯನ್ನು ಪರಿಷ್ಕರಿಸಿ, 2009ರ ಡಿಸೆಂಬರ್ 1ರಿಂದ ಬ್ಲಾಗಿಗರೂ ಮಾರಾಟಗಾರರೊಡನೆ ತಮಗಿರುವ ಹಣದ ಸಂಬಂಧವನ್ನು ಓದುಗರಿಗೆ ತಿಳಿಸಬೇಕೆಂದಿತು.

ಗಳಿಕೆಯ ಹಗ್ಗ ಮಾತ್ರ ಬರಹಗಾರನ ಕೈಗೆ ಎಂದೂ ಬರಲಿಲ್ಲ. 2011ರಲ್ಲಿ ಕ್ಯಾಲಿಫೋರ್ನಿಯ ಮಾರಾಟ ತೆರಿಗೆಯ ಕಾನೂನು ತಂದಾಗ ಅಮೆಜಾನ್ ಅಲ್ಲಿನ ಸಹಭಾಗಿಗಳನ್ನೆಲ್ಲ ಕೈಬಿಟ್ಟು, ಕೆಲವು ತಿಂಗಳ ನಂತರ ಸರ್ಕಾರದೊಡನೆ ರಾಜಿಯಾದ ಮೇಲೆ ಮರಳಿ ಸೇರಿಸಿಕೊಂಡಿತು. 2020ರ ಏಪ್ರಿಲಿನಲ್ಲಿ, ಜನರೆಲ್ಲ ಮನೆಯಲ್ಲೇ ಕುಳಿತು ಸಾಮಾನು ತರಿಸುತ್ತಿದ್ದಾಗ, ಪೀಠೋಪಕರಣಗಳ ಮೇಲಿನ ಕಮಿಷನ್ ಶೇಕಡ 8ರಿಂದ 3ಕ್ಕೆ ಇಳಿಯಿತು. ಸ್ಕಿಮ್‌ಲಿಂಕ್ಸ್ ಅದೇ ವರ್ಷ ‘ಕನೆಕ್ಸಿಟಿ’ಯ ಪಾಲಾಯಿತು, ಮರುವರ್ಷ ಕನೆಕ್ಸಿಟಿಯೇ ‘ಟಬೂಲಾ’ದ ಪಾಲಾಯಿತು.

2013ರ ಜೂನ್‌ನಲ್ಲಿ ಅಮೆಜಾನ್ ಭಾರತಕ್ಕೆ ಬಂದ ಮೇಲೆ ನಮ್ಮಲ್ಲಿಯೂ ಈ ದಾರಿ ತೆರೆಯಿತು. 2021ರಲ್ಲಿ ನಮ್ಮ ಜಾಹೀರಾತು ಮಾನದಂಡ ಮಂಡಳಿಯು ಪ್ರಭಾವಿ ಬರಹಗಾರರಿಗೆ ಮಾರ್ಗಸೂಚಿ ಹೊರಡಿಸಿ, ಹಣದ ಸಂಬಂಧವನ್ನು ಸ್ಪಷ್ಟವಾಗಿ ನಮೂದಿಸಬೇಕೆಂದಿತು. ಆ ನಮೂದು ಇಂಗ್ಲಿಷಿನಲ್ಲಿರಬೇಕು, ಇಲ್ಲವೇ ಜಾಹೀರಾತಿನ ಭಾಷೆಯಲ್ಲಿ ಸಾಮಾನ್ಯ ಗ್ರಾಹಕನಿಗೆ ಅರ್ಥವಾಗುವಂತಿರಬೇಕು. ಕನ್ನಡದಲ್ಲಿ ಬರೆಯುವವರಿಗೆ ‘ಈ ಕೊಂಡಿಯಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ’ ಎಂಬಷ್ಟು ಮಾತೇ ಸಾಕು.