ಸೋಸಿದ ನೀರು ಮತ್ತು ನಾರುಹುಣ್ಣಿನ ಅಂತ್ಯ

ನೀರನ್ನು ಸೋಸಿ ಕುಡಿಯಬೇಕೆಂಬುದು ಶ್ರಾವಕನ ನಿತ್ಯಾಚಾರಗಳಲ್ಲಿ ಒಂದು. ಎರಡು ಪದರಾಗಿ ಮಡಿಸಿದ ದಪ್ಪ ಬಟ್ಟೆಯಿಂದ ನೀರನ್ನು ಸೋಸುವುದು, ಬಟ್ಟೆಯ ಮೇಲೆ ಉಳಿದ ಜೀವಿಗಳನ್ನು ಅದೇ ಜಲಾಶಯಕ್ಕೆ ಜಾಗರೂಕತೆಯಿಂದ ಮರಳಿಸುವುದು, ಇವೆರಡೂ ಸೇರಿದಾಗಲೇ ಆ ವಿಧಿ ಪೂರ್ಣವಾಗುತ್ತದೆ. ಇದರ ಮೂಲ ಜೀವದಯೆಯೇ ಹೊರತು ಆರೋಗ್ಯಚಿಂತನೆಯಲ್ಲ. ಆದರೂ ಇಪ್ಪತ್ತನೆಯ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಇಂತಹುದೇ ಒಂದು ತುಂಡು ಬಟ್ಟೆಯು ಭಾರತದಿಂದ ಒಂದು ಪುರಾತನ ರೋಗವನ್ನು ತೊಲಗಿಸುವುದರಲ್ಲಿ ಮುಖ್ಯ ಸಾಧನವಾಯಿತು. ಆ ಇತಿಹಾಸವು ಹೆಮ್ಮೆಗೆ ವಿಷಯವಾಗುವುದಕ್ಕಿಂತ ಹೆಚ್ಚಾಗಿ ಆತ್ಮಪರಿಶೀಲನೆಗೆ ವಿಷಯವಾಗಿದೆ.

ಆ ರೋಗವೇ ನಾರುಹುಣ್ಣು. ಸುಮಾರು ಒಂದು ಮೀಟರಿನವರೆಗೆ ಬೆಳೆಯುವ, ದಾರದಂತಹ ಹುಳುವೊಂದು ರೋಗಿಯ ಕಾಲಿನಲ್ಲಿ ಬೊಕ್ಕೆಯನ್ನೆಬ್ಬಿಸಿ, ಚರ್ಮವನ್ನು ಸೀಳಿಕೊಂಡು ಹೊರಬರುತ್ತದೆ. ಅದನ್ನು ಚಿಕ್ಕ ಕಡ್ಡಿಗೆ ಸುತ್ತುತ್ತ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ವಾರಗಟ್ಟಲೆ ಎಳೆಯಬೇಕಾಗುತ್ತದೆ. ನಡುವೆ ತುಂಡಾದರೆ ಕಾಲು ಬಾತು ಕೀವಾಗುತ್ತದೆ. ಪ್ರಾಣಹಾನಿ ವಿರಳ, ಆದರೆ ಬಿತ್ತನೆಯ ಅಥವಾ ಕೊಯ್ಲಿನ ಕಾಲದಲ್ಲಿ ರೈತನು ಹಾಸಿಗೆ ಹಿಡಿದರೆ ಇಡೀ ಕುಟುಂಬವೇ ಹಸಿವಿಗೆ ಗುರಿಯಾಗುತ್ತಿತ್ತು. ಈ ಹುಳುವನ್ನು ಕೊಲ್ಲುವ ಔಷಧವಾಗಲಿ ರೋಗವನ್ನು ತಡೆಯುವ ಲಸಿಕೆಯಾಗಲಿ ಇಂದಿಗೂ ಇಲ್ಲ.

ರೋಗ ಹರಡುವ ಬಗೆಯನ್ನು 1870ರ ಸುಮಾರಿಗೆ ತುರ್ಕಿಸ್ತಾನದಲ್ಲಿ ಸಂಶೋಧನೆ ನಡೆಸಿದ ರಷ್ಯದ ನಿಸರ್ಗಶಾಸ್ತ್ರಜ್ಞ ಅಲೆಕ್ಸಿ ಫೆಡ್‌ಚೆಂಕೊ ಕಂಡುಹಿಡಿದರು. ಬೊಕ್ಕೆಯ ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ನೀರಿಗಿಳಿಸುತ್ತಾನೆ. ಆ ಕ್ಷಣದಲ್ಲಿಯೇ ಹುಳುವು ಅಸಂಖ್ಯ ಮರಿಗಳನ್ನು ನೀರಿಗೆ ಬಿಡುತ್ತದೆ. ಸೈಕ್ಲಾಪ್ಸ್ ಎಂಬ, ಒಂದೆರಡು ಮಿಲಿಮೀಟರಿನಷ್ಟು ಚಿಕ್ಕದಾದ ಜಲಜೀವಿ ಅವುಗಳನ್ನು ನುಂಗುತ್ತದೆ. ಆ ನೀರನ್ನು ಸೋಸದೆ ಕುಡಿದವನ ಹೊಟ್ಟೆಯಲ್ಲಿ ಸೈಕ್ಲಾಪ್ಸ್ ಸಾಯುತ್ತದೆ, ಮರಿಗಳು ಉಳಿಯುತ್ತವೆ. ಸುಮಾರು ಒಂದು ವರ್ಷದ ಬಳಿಕ ಅವನ ಕಾಲಿನಲ್ಲಿಯೂ ಬೊಕ್ಕೆ ಏಳುತ್ತದೆ. ಉರಿ ತಣಿಸಿಕೊಳ್ಳಲು ನೀರಿಗಿಳಿದವನಿಗೆ ಯಾರಿಗೂ ಕೇಡು ಮಾಡುವ ಉದ್ದೇಶವಿರಲಿಲ್ಲ. ಆದರೂ ಅವನ ಪ್ರಮಾದದ ಫಲವನ್ನು ಊರಿಗೆ ಊರೇ ಉಣ್ಣುತ್ತಿತ್ತು.

ಇಲ್ಲಿಯೇ ದಾನಧರ್ಮಗಳ ಇತಿಹಾಸವೂ ಬಂದು ಸೇರುತ್ತದೆ. ಗುಜರಾತ್ ಮತ್ತು ರಾಜಸ್ಥಾನದ ಒಣನಾಡುಗಳಲ್ಲಿ ರಾಣಿಯರೂ ವರ್ತಕರೂ ಪುಣ್ಯಕಾರ್ಯವೆಂದು ಮೆಟ್ಟಿಲುಬಾವಿಗಳನ್ನು ಕಟ್ಟಿಸಿದರು. ಅವು ಶತಮಾನಗಳ ಕಾಲ ದಾರಿಹೋಕರ ಬಾಯಾರಿಕೆಯನ್ನು ನೀಗಿದವು. ಆದರೆ ನೀರಿನವರೆಗೆ ಇಳಿಯಲು ಅನುವು ಮಾಡಿಕೊಟ್ಟ ಆ ಮೆಟ್ಟಿಲುಗಳೇ ಹುಣ್ಣಾದ ಕಾಲಿಗೂ ದಾರಿಯಾದವು. ಮಧ್ಯ ಏಷ್ಯಾದ ಬುಖಾರಾ ನಗರದ ಮೆಟ್ಟಿಲುಕೊಳಗಳ ಕಥೆಯೂ ಇದೇ. ಅಲ್ಲಿ ಆ ಕೊಳಗಳ ಸುಧಾರಣೆಯಿಂದಲೇ 1930ರ ದಶಕದ ಆರಂಭದ ವೇಳೆಗೆ ರೋಗವು ಮಾಯವಾಯಿತು. ಕಟ್ಟಿಸಿದವರ ಭಾವ ನಿರ್ಮಲವಾಗಿದ್ದುದರಲ್ಲಿ ಸಂದೇಹವಿಲ್ಲ. ಆದರೆ ಭಾವಶುದ್ಧಿಯೊಂದೇ ನೀರನ್ನು ಶುದ್ಧವಾಗಿಡಲಾರದು.

ಭಾರತ ಸರ್ಕಾರವು 1983-84ರಲ್ಲಿ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮವನ್ನು ಕೈಗೊಂಡಿತು. ರಾಜಸ್ಥಾನ, ಗುಜರಾತ್, ಮಧ್ಯಪ್ರದೇಶ, ಮಹಾರಾಷ್ಟ್ರ, ಆಂಧ್ರಪ್ರದೇಶ, ತಮಿಳುನಾಡುಗಳೊಂದಿಗೆ ಕರ್ನಾಟಕವೂ ಪೀಡಿತ ರಾಜ್ಯಗಳ ಸಾಲಿನಲ್ಲಿತ್ತು. 1984ರಲ್ಲಿ ದೇಶದಾದ್ಯಂತ ಪತ್ತೆಯಾದ ರೋಗಿಗಳು ಸುಮಾರು 40,000. ಕಾರ್ಯಕರ್ತರು ಮನೆಮನೆಗೆ ಹೋಗಿ ರೋಗಿಗಳನ್ನು ಹುಡುಕಿದರು, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು, ಕೈಪಂಪುಗಳನ್ನು ಹಾಕಿಸಿದರು, ನುಣುಪಾದ ನೇಯ್ಗೆಯ ಸೋಸುಬಟ್ಟೆಯನ್ನು ಹಂಚಿದರು, ಹುಣ್ಣಾದವರು ನೀರಿಗಿಳಿಯದಂತೆ ತಿಳಿಹೇಳಿದರು. ಕೊನೆಯ ರೋಗಿಯು 1996ರ ಜುಲೈ ತಿಂಗಳಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಪತ್ತೆಯಾದನು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಪ್ರಮಾಣೀಕರಿಸಿತು.

ಇದರಿಂದ ಎರಡು ವಿಚಾರಗಳು ಏಳುತ್ತವೆ. ಮೊದಲನೆಯದು, ವ್ರತದ ವ್ಯಾಪ್ತಿ. ಸೈಕ್ಲಾಪ್ಸ್ ಬಟ್ಟೆಯಲ್ಲಿ ನಿಲ್ಲುವಷ್ಟು ದೊಡ್ಡದಾದುದರಿಂದ ತಪ್ಪದೆ ನೀರು ಸೋಸಿದ ಮನೆಗೆ ರಕ್ಷಣೆ ದೊರೆಯುತ್ತಿತ್ತು. ಆದರೆ ಬಾವಿಯು ಊರಿನದು. ಒಂದು ಮನೆಯ ಆಚಾರದಿಂದ ನೆರೆಮನೆಯ ಕೂಲಿಕಾರನ ಕಾಲು ಉಳಿಯಲಿಲ್ಲ. ಆ ಬಟ್ಟೆಯು ಕೆಲವು ಕುಟುಂಬಗಳ ಆಚಾರವಾಗಿದ್ದಷ್ಟು ಕಾಲ ರೋಗವೂ ಊರಿನಲ್ಲಿ ಉಳಿದಿತ್ತು; ಅದು ಪ್ರತಿ ಮನೆಯ ಕೊಡದ ಬಾಯಿಗೂ ಬಂದಾಗ ರೋಗವು ತೊಲಗಿತು.

ಎರಡನೆಯದು, ಹಿಂಸೆಯ ಪ್ರಶ್ನೆ. ಕೆಲವು ಜಲಾಶಯಗಳಲ್ಲಿ ಸೈಕ್ಲಾಪ್ಸ್‌ಗಳನ್ನು ಕೊಲ್ಲಲು ಟೆಮೆಫಾಸ್ ಎಂಬ ರಾಸಾಯನಿಕವನ್ನು ಬಳಸಲಾಯಿತು. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರು ಇದನ್ನು ಮರೆಮಾಚಬೇಕಾಗಿಲ್ಲ, ಹಗುರವಾಗಿ ಸಮರ್ಥಿಸಬೇಕಾಗಿಯೂ ಇಲ್ಲ. ಪ್ರತಿಯೊಬ್ಬರೂ ನೀರನ್ನು ಸೋಸಿದ್ದರೆ, ಪ್ರತಿಯೊಬ್ಬ ರೋಗಿಯೂ ನೀರಿನಿಂದ ದೂರವಿದ್ದಿದ್ದರೆ, ಆ ರಾಸಾಯನಿಕದ ಅಗತ್ಯವೇ ಬೀಳುತ್ತಿರಲಿಲ್ಲ. ಯತ್ನಾಚಾರವು ಎಲ್ಲಿ ಸಡಿಲವಾಗುತ್ತದೆಯೋ ಅಲ್ಲಿ ಹಿಂಸೆಯು ಅನಿವಾರ್ಯವೆಂಬ ಹೆಸರಿನಿಂದ ಒಳಬರುತ್ತದೆ.

ಜಗತ್ತಿನ ಮಟ್ಟದಲ್ಲಿ ಈ ಕಾರ್ಯ ಇನ್ನೂ ಮುಗಿದಿಲ್ಲ. 1986ರಲ್ಲಿ ಆಫ್ರಿಕಾ ಮತ್ತು ಏಷ್ಯಾಗಳಲ್ಲಿ ವರ್ಷಕ್ಕೆ ಸುಮಾರು 35 ಲಕ್ಷ ಜನರು ಈ ರೋಗಕ್ಕೆ ತುತ್ತಾಗುತ್ತಿದ್ದರೆಂದು ಅಂದಾಜು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ಸ್ಥಾಪಿಸಿದ ಸಂಸ್ಥೆಯು ನಿರ್ಮೂಲನ ಕಾರ್ಯದ ಮುಂದಾಳತ್ವ ವಹಿಸಿತು. 1995ರಲ್ಲಿ ಸುಡಾನಿನ ಅಂತರ್ಯುದ್ಧದ ನಡುವೆ ಆರೋಗ್ಯ ಕಾರ್ಯಕರ್ತರು ಹಳ್ಳಿಗಳನ್ನು ತಲುಪುವಂತಾಗಲು ಕಾರ್ಟರ್ ಅವರು ಎರಡೂ ಪಕ್ಷಗಳನ್ನು ಕದನವಿರಾಮಕ್ಕೆ ಒಪ್ಪಿಸಿದರು. ಸೋಸಿದ ನೀರಿಗಾಗಿ ಬಂದೂಕುಗಳು ಕೆಲವು ತಿಂಗಳು ಮೌನ ತಾಳಿದವು. 2024ರಲ್ಲಿ ಇಡೀ ಜಗತ್ತಿನಲ್ಲಿ ದಾಖಲಾದ ರೋಗಿಗಳು 15 ಮಂದಿ ಮಾತ್ರ. ಆದರೆ ಚಾಡ್ ಮೊದಲಾದ ದೇಶಗಳಲ್ಲಿ ನಾಯಿಗಳಲ್ಲಿಯೂ ಈ ಹುಳು ಕಂಡುಬಂದಿರುವುದರಿಂದ ಕೊನೆಯ ಹೆಜ್ಜೆ ಕಠಿಣವಾಗಿದೆ.

ಪೂರ್ವಜರು ಬಾವಿಯನ್ನು ಕಟ್ಟಿಸಿದರು; ಮುಂದಿನ ತಲೆಮಾರು ಅದರ ಮೆಟ್ಟಿಲನ್ನು ಮುಚ್ಚಿಸಬೇಕಾಯಿತು. ಇದು ಪೂರ್ವಜರಿಗೆ ಅಗೌರವವಲ್ಲ, ಅವರ ದಾನದ ಮುಂದುವರಿಕೆ. ಬಸದಿಯ ಆವರಣದ ಬಾವಿ, ಯಾತ್ರಿಕರ ನೀರಿನ ತೊಟ್ಟಿ, ಧರ್ಮಶಾಲೆಯ ನಲ್ಲಿ, ಇವುಗಳ ಲೆಕ್ಕವನ್ನು ಟ್ರಸ್ಟುಗಳು ಖರ್ಚಿನ ಪುಸ್ತಕದಲ್ಲಿ ತಪ್ಪದೆ ಬರೆಯುತ್ತವೆ. ಆ ನೀರು ಕುಡಿದವರು ಆರೋಗ್ಯದಿಂದಿದ್ದಾರೆಯೇ ಎಂಬ ಲೆಕ್ಕವನ್ನೂ ವರ್ಷಕ್ಕೊಮ್ಮೆ ನೋಡಿದರೆ, ದಾನಿಯ ಪುಣ್ಯವೂ ಕುಡಿಯುವವನ ಕ್ಷೇಮವೂ ಒಟ್ಟಿಗೆ ಉಳಿಯುತ್ತವೆ.